ಸುಣ್ಣದ ಡಬ್ಬದ ಮೇಲೆ ಕೂತವನು

"ಮಾಸ್ತರೇ, ಇಡೀ ವರ್ಷ ಒಂದು ನಿಮಿಷವೂ ಆಡದವನನ್ನು ತಂಡದಲ್ಲಿ ಇಟ್ಟುಕೊಳ್ಳಬೇಕೋ, ಬಿಡಬೇಕೋ?"

ಕೇಳಿದವನು ರೂಬೆನ್. ಒಂದು ಫುಟ್‌ಬಾಲ್ ಕ್ಲಬ್ಬಿಗೆ ಹೊಸದಾಗಿ ಮ್ಯಾನೇಜರ್ ಆಗಿದ್ದ. ಪಂದ್ಯಗಳ ಕಾಲ ಮುಗಿದಿತ್ತು. ಮುಂದಿನ ವರ್ಷಕ್ಕೆ ಯಾರ ಕರಾರು ಮುಂದುವರಿಯಬೇಕು, ಯಾರದು ಬೇಡ ಎಂಬ ಪಟ್ಟಿ ಅಂದು ಸಂಜೆಯೊಳಗೆ ಹೋಗಬೇಕಿತ್ತು. ಒಂದು ಹೆಸರಿನ ಎದುರು ಅವನ ಪೆನ್ನು ನಿಂತುಬಿಟ್ಟಿತ್ತು. ಮೂವತ್ತೈದು ದಾಟಿದ ಡಿಫೆಂಡರ್. ಮೊಣಕಾಲು ಕೆಟ್ಟು ವರ್ಷವಿಡೀ ಹೊರಗೆ ಕೂತವನು.

"ಅವನಿಂದ ನಮಗೆ ಈ ವರ್ಷ ಏನೂ ಸಿಕ್ಕಿಲ್ಲ," ಎಂದ ರೂಬೆನ್.

ರೂಬೆನ್‌ಗೆ ಚೆಂಡು ಒದೆಯಲು ಕಲಿಸಿದವರು ಪೌಲಪ್ಪ ಮಾಸ್ತರು. ಅವರು ಕಾಫಿ ಲೋಟ ಕೆಳಗಿಟ್ಟು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಯಜಮಾನನಿದ್ದ. ಅವನದೊಂದು ಫುಟ್‌ಬಾಲ್ ತಂಡವಿತ್ತು. ತಂಡದಲ್ಲಿ ಒಬ್ಬ ಹಳೆಯ ಡಿಫೆಂಡರ್ ಇದ್ದ. ಹನ್ನೊಂದು ವರ್ಷ ಗೋಲಿನ ಮುಂದೆ ನಿಂತು ಆಡಿದ್ದ. ಹನ್ನೆರಡನೆಯ ವರ್ಷದ ಮೊದಲ ವಾರದಲ್ಲೇ ಅವನ ಮೊಣಕಾಲು ಕೈಕೊಟ್ಟಿತು.

ಅವನು ಮನೆಯಲ್ಲಿ ಕೂರಲಿಲ್ಲ. ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಖಾಲಿ ಡಬ್ಬವೊಂದಿತ್ತು. ಅದನ್ನು ಬೋರಲು ಹಾಕಿ ಗೆರೆಯ ಪಕ್ಕ ಕೂತ. ಅಲ್ಲಿಂದಲೇ ಕೂಗುತ್ತಿದ್ದ. "ಏ ಉದ್ದಣ್ಣ, ಹಿಂದೆ ಯಾರಿದಾರೆ ನೋಡು!" "ಬಿಡು, ಅದು ಅವನ ಚೆಂಡು!" "ಮುಂದೆ ಬನ್ರೋ, ಮುಂದೆ ಬನ್ರೋ, ಗೋಲಿಗೇನು ಅಂಟಿಸಿದಾರಾ ನಿಮ್ಮನ್ನ?" ಅವನು ಕೂಗಿದಂತೆ ನಾಲ್ಕು ಜನ ಡಿಫೆಂಡರುಗಳು ಸರಿದರು. ಆ ವರ್ಷ ಆ ತಂಡದ ವಿರುದ್ಧ ಗೋಲು ಹೊಡೆಯುವುದೇ ಎದುರಾಳಿಗಳಿಗೆ ಕಷ್ಟವಾಯಿತು.

ಯಜಮಾನನಿಗೆ ಆ ಗಲಾಟೆ ಹಿಡಿಸುತ್ತಿರಲಿಲ್ಲ. ಅವನು ದೊಡ್ಡವರನ್ನು ಪಂದ್ಯಕ್ಕೆ ಕರೆತರುತ್ತಿದ್ದ. "ಮೈದಾನವೋ ಸಂತೆಯೋ? ಸುಮ್ಮನೆ ಕೂತಿರೋಕೆ ಆಗಲ್ವೇನಯ್ಯ ನಿನಗೆ?" ಎಂದು ಗದರಿಸುತ್ತಿದ್ದ.

ಪಂದ್ಯಗಳ ಕಾಲ ಮುಗಿಯಿತು. ಆ ತಂಡದಲ್ಲಿ ಒಂದು ಪದ್ಧತಿಯಿತ್ತು. ಎಲ್ಲರೂ ಮೈದಾನ ಸುತ್ತಿ ಓಡಬೇಕು, ಯಜಮಾನ ಗಡಿಯಾರ ಹಿಡಿದು ನಿಲ್ಲಬೇಕು, ಹಿಂದೆ ಬಿದ್ದವನಿಗೆ ಸನ್ಮಾನ. ಹಾರ, ಹಣ್ಣಿನ ಬುಟ್ಟಿ, ಶಾಲು. ಒಮ್ಮೆ ಶಾಲು ಹೊದಿಸಿದರೆ ಮುಗಿಯಿತು, ಮತ್ತೆ ಅಲ್ಲಿಗೆ ಬರುವಂತಿಲ್ಲ. ಹಳೆಯ ಡಿಫೆಂಡರ್ ಅರ್ಧ ಸುತ್ತಿಗೇ ನಿಂತ. ಅವನಿಗೆ ಶಾಲು ಹೊದಿಸಿದರು.

"ಇನ್ನೇನಾದರೂ ಬೇಕಾ?" ಎಂದು ಕೇಳಿದ ಯಜಮಾನ, ಕೇಳಬೇಕಲ್ಲ ಎಂದು.

"ಆ ಡಬ್ಬ ಕೊಡಿ."

ಎಲ್ಲರೂ ನಕ್ಕರು. ಡಬ್ಬ ಕೊಟ್ಟರು.

ಪಕ್ಕದ ಊರಿನಲ್ಲೊಂದು ಬಡ ತಂಡವಿತ್ತು. ಅದನ್ನು ನಡೆಸುತ್ತಿದ್ದವಳು ಒಬ್ಬ ಹೋಟೆಲಿನವಳು. ಅವಳು ಅವನನ್ನು ಓಡಿಸಿ ನೋಡಲಿಲ್ಲ.

"ಮೊಣಕಾಲು ನಿಧಾನಕ್ಕೆ ಸರಿಹೋಗಲಿ. ಗಂಟಲು ಚೆನ್ನಾಗಿದೆ ತಾನೆ?" ಎಂದಳು.

ಅವನು ಆ ವರ್ಷವೂ ಡಬ್ಬದ ಮೇಲೆ ಕೂತ. ಗಟ್ಟಿ ಡಬ್ಬವಾದ್ದರಿಂದ ಮೇಲೆ ಶಾಲು ಮಡಿಸಿ ಹಾಕಿಕೊಂಡ. ಸನ್ಮಾನದ ಶಾಲು ಕೊನೆಗೂ ಒಂದು ಉಪಯೋಗಕ್ಕೆ ಬಂತು. ಬಡ ತಂಡ ಗೆಲ್ಲುತ್ತಾ ಹೋಯಿತು. ಕಪ್ ಪಂದ್ಯಾವಳಿಯ ಕೊನೆಯ ಪಂದ್ಯದಲ್ಲಿ ಎದುರು ನಿಂತದ್ದು ಅವನ ಹಳೆಯ ತಂಡ.

ಅವನ ಡಬ್ಬ ಒಂದು ಗೋಲಿನ ಹತ್ತಿರವಿತ್ತು; ಮೊದಲರ್ಧದಲ್ಲಿ ಆ ಗೋಲು ಕಾಯುತ್ತಿದ್ದವರು ಅವನವರೇ. ಕೂಗಿದ. ಗೋಲು ಬೀಳಲಿಲ್ಲ. ಆಮೇಲೆ ತಂಡಗಳು ದಿಕ್ಕು ಬದಲಿಸಿದವು. ಈಗ ಅವನ ಕಣ್ಣೆದುರಿಗೆ ನಿಂತವರು ಹಳೆಯ ತಂಡದ ಆ ನಾಲ್ವರು ಡಿಫೆಂಡರುಗಳು. ಒಂದು ಚೆಂಡು ಎತ್ತರಕ್ಕೆ ಎದ್ದು ಇಬ್ಬರ ನಡುವೆ ಇಳಿಯತೊಡಗಿತು. ಅದು ಯಾರ ಚೆಂಡು ಎಂದು ಅವನಿಗೆ ಗೊತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

ಆ ಇಬ್ಬರೂ ಚೆಂಡಿಗೆ ಹೋಗಲಿಲ್ಲ. ಇಬ್ಬರೂ ತಲೆ ತಿರುಗಿಸಿ ಡಬ್ಬದ ಕಡೆ ನೋಡಿದರು.

ಅಷ್ಟು ಹೊತ್ತು ಸಾಕಾಯಿತು. ಬಡ ತಂಡದವನೊಬ್ಬ ನುಗ್ಗಿ ಚೆಂಡನ್ನು ಬಲೆಗೆ ಒದ್ದ.

ಇನ್ನು ಹತ್ತು ನಿಮಿಷ ಉಳಿದಿತ್ತು. ಹಳೆಯ ತಂಡ ಮೈಮೇಲೆ ಬಿದ್ದು ಆಡಿತು. ಬಡ ತಂಡದ ಗೋಲು ಈಗ ಮೈದಾನದ ಆಚೆ ತುದಿ, ಅಲ್ಲಿಗೆ ಅವನ ಕೂಗು ಮುಟ್ಟದು. ಹೋಟೆಲಿನವಳು ಅವನ ಮೊಣಕಾಲು ನೋಡಿದಳು. ಅವನು ಆಗಲೇ ಅದಕ್ಕೆ ಪಟ್ಟಿ ಸುತ್ತುತ್ತಿದ್ದ.

ಕುಂಟುತ್ತಲೇ ಒಳಗೆ ಹೋದ. ಹತ್ತು ನಿಮಿಷದಲ್ಲಿ ಹತ್ತು ಹೆಜ್ಜೆ ಓಡಿದನೋ ಇಲ್ಲವೋ. ಗೋಲಿನ ಮುಂದೆ ನಿಂತು ಕೂಗಿದ. ಅವನ ಮಾತಿಗೆ ಇಡೀ ತಂಡ ಒಂದೇ ಮೈಯಂತೆ ಸರಿಯಿತು. ಕೊನೆಯ ಚೆಂಡು ಹಾರಿ ಬಂದದ್ದು ನೆಟ್ಟಗೆ ಅವನಿದ್ದಲ್ಲಿಗೇ. ಹಣೆಯಿಂದ ಹೊರಗೆ ತಳ್ಳಿದ. ಸೀಟಿ ಮೊಳಗಿತು. ಜನ ಬೇಲಿ ಹಾರಿ ಬಂದರು. ಡಬ್ಬ ತಂದು ಅವನನ್ನು ಅದರ ಮೇಲೆ ಕೂರಿಸಿ, ಎತ್ತಿ ಮೈದಾನ ಸುತ್ತಿಸಿದರು. ವರ್ಷದ ಹಿಂದೆ ಅರ್ಧಕ್ಕೆ ನಿಂತಿದ್ದ ಸುತ್ತು ಅಂದು ಪೂರ್ತಿಯಾಯಿತು.

ಹಳೆಯ ಯಜಮಾನ ದಾರಿಗೆ ಅಡ್ಡ ಬಂದ. "ಅವರಿಬ್ಬರೂ ನಿನ್ನ ಕಡೆ ತಿರುಗಿದರಲ್ಲ, ಏನು ಮಾಡಿದೆಯೋ ನೀನು?"

ಅವನು ಜನರ ಹೆಗಲ ಮೇಲಿಂದಲೇ ಹೇಳಿದ. "ಏನೂ ಇಲ್ಲ ಯಜಮಾನರೇ. ನೀವು ಹೇಳಿದ ಹಾಗೆ ಸುಮ್ಮನೆ ಕೂತಿದ್ದೆ."

ಮಾಸ್ತರು ಕತೆ ನಿಲ್ಲಿಸಿ ಕಾಫಿ ಎತ್ತಿಕೊಂಡರು. ಅದು ಆರಿತ್ತು. ಆದರೂ ಕುಡಿದರು.

ರೂಬೆನ್ ಪಟ್ಟಿ ನೋಡಿದ. "ಕತೆ ಚೆನ್ನಾಗಿದೆ ಮಾಸ್ತರೇ. ಆದರೆ ನಮ್ಮವನು ಒಂದು ದಿನವೂ ಹಾಗೆಲ್ಲ ಕೂಗಿದವನಲ್ಲ."

"ಕೂಗದೇ ಇರಬಹುದು ಕಣೋ, ಎದುರಿನವರು ಗೋಲು ಹೊಡೆದ ಕೂಡಲೇ ನಿನ್ನ ಹುಡುಗರು ಯಾರ ಮುಖ ನೋಡ್ತಾರೆ?"