ನಾಲ್ಕನೇ ಹಾಡಿನ ಗಿಟಾರ್

ನದಿಯ ದಂಡೆಯಲ್ಲಿ ಒಂದು ಹಂಚಿನ ಕಾರ್ಖಾನೆ ಇತ್ತು. ಅದು ಮುಚ್ಚಿದ ಮೇಲೆ ಅದರ ಆಫೀಸು ಕೋಣೆಯಲ್ಲಿ ಸಿಪ್ರಿಯನ್ ಮಾಸ್ಟ್ರು ಎಂಬವರು ಗಿಟಾರ್ ಕಲಿಸಿಕೊಂಡು ಇದ್ದರು. ಆಶ್ರಮ ಅಂತ ಯಾರಾದರೂ ತಮಾಷೆ ಮಾಡಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಆದರೂ ಹೋದವರೆಲ್ಲ ಚಪ್ಪಲಿ ಹೊರಗೇ ಬಿಡುತ್ತಿದ್ದರು.

ಪ್ರಾಯದಲ್ಲಿ ಮಾಸ್ಟ್ರು ಫೆರಿ ಬಾಯ್ಸ್ ಎಂಬ ರಾಕ್ ಬ್ಯಾಂಡಿನಲ್ಲಿ ಗಿಟಾರ್ ಬಾರಿಸಿದವರು. ಆ ಬ್ಯಾಂಡು ಒಂದೇ ಒಂದು ಆಲ್ಬಮ್ ಮಾಡಿತು, 'ಲಾಸ್ಟ್ ಬೋಟ್' ಅಂತ. ಆಮೇಲೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಆಲ್ಬಮ್ ಮಾತ್ರ ಊರಲ್ಲೇ ಉಳಿಯಿತು. ಅದು ಒಳ್ಳೆಯದೋ ಕೆಟ್ಟದ್ದೋ ಅಂತ ಹಳಬರು ಇವತ್ತಿಗೂ ಜಗಳ ಆಡುತ್ತಾರೆ.

ಈಗ ಒಂದು ಕಂಪೆನಿಯವರಿಗೆ ಅದನ್ನು ಮತ್ತೆ ಹೊರಗೆ ತರುವ ಮನಸ್ಸಾಯಿತು. ಹಳೆಯ ಟೇಪು ಹುಡುಕಿ ತೆಗೆದರೆ ನಾಲ್ಕನೇ ಹಾಡಿನ ನಡುವೆ ಬೂಷ್ಟು ಹಿಡಿದಿತ್ತು. ಡ್ರಮ್ಮು, ಬಾಸು, ಹಾಡುವವನ ದನಿ ಎಲ್ಲ ಸರಿ ಇತ್ತು. ಟೇಪಿನಲ್ಲಿ ಮಾಸ್ಟ್ರ ಗಿಟಾರ್ ದಾಖಲಾಗಿದ್ದ ಅಂಚು ಮಾತ್ರ ಹಾಳಾಗಿತ್ತು. ಮಾಸ್ಟ್ರ ಬೆರಳುಗಳಿಗೆ ವಾತ ಹಿಡಿದು ಎಷ್ಟೋ ಕಾಲ ಆಗಿತ್ತು, ಇನ್ನು ಅವರು ಬಾರಿಸುವ ಮಾತೇ ಇರಲಿಲ್ಲ.

ಹಾಗಾಗಿ ಆ ಭಾಗವನ್ನು ಶಿಷ್ಯ ಯತಿರಾಜ ಬಾರಿಸಿದ. ಗುರುವಿನ ಕೈ ಎಲ್ಲಿ ಜಾರುತ್ತದೆ, ಎಲ್ಲಿ ನಿಲ್ಲುತ್ತದೆ ಎಲ್ಲವೂ ಅವನಿಗೆ ಬಾಯಿಪಾಠ. ಮಾಸ್ಟ್ರು ಒಪ್ಪಿದರೆ ಕವರಿನ ಮೇಲೆ ಇವನ ಹೆಸರೂ ಹಾಕುತ್ತೇವೆ ಅಂತ ಕಂಪೆನಿಯವರು ಹೇಳಿದ್ದರು. ಅಕ್ಕನ ಮದುವೆಯ ಕಾಗದ ಬಿಟ್ಟರೆ ಅವನ ಹೆಸರು ಅದುವರೆಗೆ ಎಲ್ಲೂ ಅಚ್ಚಾಗಿರಲಿಲ್ಲ. ಗಿಟಾರ್ ಹಿಡಿದು ಹಾಳಾದ ಅಂತ ಮನೆಯವರು ಅವನ ಆಸೆ ಬಿಟ್ಟಿದ್ದರು. ಈ ಒಂದು ಹೆಸರಿಗಾಗಿ ಅವನು ಎಷ್ಟು ಕಾದಿದ್ದ ಅಂತ ಅವನಿಗೇ ಗೊತ್ತು.

ಆದರೆ ಮಾಸ್ಟ್ರು ಹೌದು ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ಸೋಮವಾರ ಟೇಪು ತೆಗೆದುಕೊಂಡು ಹೋಗಲು ಜನ ಬರುತ್ತಾರೆ, ಅದರ ಹಿಂದಿನ ದಿನ ಹಳೆಯ ಕೇಳುಗರನ್ನು ಕರೆದು ಒಮ್ಮೆ ಹಾಕುವ ಅಂದರು. ಯಾವುದು ಹಳೆಯ ಕೈ, ಯಾವುದು ಹೊಸ ಕೈ ಅಂತ ಯಾರಿಗೂ ಹೇಳುವುದಿಲ್ಲ ಅಂದರು.

ಯತಿರಾಜನ ತಲೆಯಲ್ಲಿ ಹುಳ ಬಿದ್ದದ್ದು ಅಲ್ಲೇ. ತನ್ನ ಶಿಷ್ಯನ ಕೈ ಹೇಗುಂಟು ಅಂತ ಗುರುವಿಗೇ ಗೊತ್ತಿಲ್ಲವೇ? ಊರವರು ಯಾಕೆ ಬೇಕು?

ಆದಿತ್ಯವಾರ ಮಧ್ಯಾಹ್ನ ಮೂವರು ಬಂದರು. ಬಟ್ಟೆ ಅಂಗಡಿಯ ಪೈಗಳು. ಬಸ್ಸು ಓಡಿಸಿ ನಿವೃತ್ತರಾದ ಮೊಯಿದಿನಬ್ಬ. ಇಗರ್ಜಿಯ ಹಾಡಿನ ತಂಡವನ್ನು ಬಹಳ ಕಾಲ ನಡೆಸಿದ ಗ್ರೆಟ್ಟಾ ಬಾಯಿ. ಈ ಗ್ರೆಟ್ಟಾ ಬಾಯಿಯ ನಾಲಗೆಗೆ ಪಾದ್ರಿಗಳೂ ಹೆದರುತ್ತಿದ್ದರು.

ಬಾಗಿಲಲ್ಲಿ ಮಾಸ್ಟ್ರು ಗ್ರೆಟ್ಟಾ ಬಾಯಿಯ ಹತ್ತಿರ ಮೆಲ್ಲಗೆ ಏನೋ ಹೇಳಿದರು. ಬಾಯಿ ನಕ್ಕರು. ಯತಿರಾಜ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡ.

ಮಾಸ್ಟ್ರು ತಾವೇ ರೀಲು ಏರಿಸಿದರು. ಹಾಡು ಶುರುವಾಯಿತು. ಮೂವರೂ ಸ್ಪೀಕರಿನ ಕಡೆ ಮುಖ ಮಾಡಿ ಕೂತರು. ಯತಿರಾಜ ಅವರ ಎದುರು, ಅವರ ಕಡೆ ಮುಖ ಮಾಡಿ ಕೂತ.

ನಾಲ್ಕನೇ ಹಾಡು ಬರುವಾಗ ಅವನ ಬೆರಳುಗಳು ಮಂಡಿಯ ಮೇಲೆ ತಾವಾಗಿ ಓಡತೊಡಗಿದವು. ಕಣ್ಣು ಮಾತ್ರ ಆ ಮೂರು ಮುಖಗಳ ಮೇಲಿತ್ತು. ಪೈಗಳು ಕಾಲು ಕುಣಿಸುತ್ತಿದ್ದರು, ಪರವಾಗಿಲ್ಲ. ಮೊಯಿದಿನಬ್ಬ ಹುಬ್ಬು ಗಂಟಿಕ್ಕಿದರು, ಯಾಕೆ? ಗ್ರೆಟ್ಟಾ ಬಾಯಿ ಕಣ್ಣು ಮುಚ್ಚಿದ್ದರು. ನಿದ್ದೆಯೋ ಭಕ್ತಿಯೋ ತಿಳಿಯಲಿಲ್ಲ.

ಆಲ್ಬಮ್ ಮುಗಿಯಿತು. ಎಲ್ಲರೂ ಚಹಾಕ್ಕೆ ಹೊರಗೆ ಹೋದರು. ಯತಿರಾಜ ಮೆಷಿನಿಗೆ ಬಟ್ಟೆ ಹೊದೆಸಿ, ಕೋಣೆಗೆ ಬೀಗ ಹಾಕಿ, ಕೀಯನ್ನು ಜೇಬಿಗೆ ಹಾಕಿಕೊಂಡ. ಸೋಮವಾರದೊಳಗೆ ಮಾಸ್ಟ್ರು ತನ್ನ ಗಿಟಾರನ್ನು ಅಳಿಸಿಬಿಟ್ಟಾರು ಎಂಬ ಹೆದರಿಕೆ ಅವನಿಗೆ. ನೋಡಿ, ವಿದ್ಯೆ ಕೊಟ್ಟ ಗುರುವಿನ ಮೇಲೆ ಶಿಷ್ಯನಿಗೆ ಇರುವ ನಂಬಿಕೆ ಇಷ್ಟು.

ಚಹಾ ಕುಡಿಯುತ್ತಾ ಪೈಗಳಿಗೂ ಮೊಯಿದಿನಬ್ಬರಿಗೂ ಮಾಮೂಲಿ ಜಗಳ ಹತ್ತಿಕೊಂಡಿತು. ಪೈಗಳ ಪ್ರಕಾರ ಮೊದಲ ಬದಿ ಬಿಟ್ಟರೆ ಆ ಆಲ್ಬಮಿನಲ್ಲಿ ಎಂತದೂ ಇಲ್ಲ, ಎರಡನೇ ಬದಿ ಬರೀ ಗಲಾಟೆ. ಮೊಯಿದಿನಬ್ಬರ ಪ್ರಕಾರ ಜೀವ ಇರುವುದೇ ಎರಡನೇ ಬದಿಯಲ್ಲಿ, ಮೊದಲನೆಯದು ಮದುವೆ ಮನೆಯ ಹಾಡು. ಗ್ರೆಟ್ಟಾ ಬಾಯಿ ಎರಡನ್ನೂ ಒಪ್ಪಲಿಲ್ಲ. ಹಾಡಿದವನು ತನ್ನ ಸ್ವಂತ ಚಿಕ್ಕಪ್ಪನ ಮಗನೇ ಆದರೂ ಮೂರನೇ ಹಾಡಿನಲ್ಲಿ ಅವನಿಗೆ ಶ್ರುತಿ ತಪ್ಪಿದೆ ಅಂದರು.

ಯತಿರಾಜನಿಗೆ ಇದು ಯಾವುದೂ ಬೇಡ. ಒಬ್ಬೊಬ್ಬರನ್ನೇ ಬದಿಗೆ ಕರೆದು, ನಾಲ್ಕನೇ ಹಾಡಿನ ನಡುವಿನ ಗಿಟಾರ್ ಹೇಗಿತ್ತು ಅಂತ ವಿಚಾರಿಸಿದ.

ಪೈಗಳು ಅವನ ಬೆನ್ನು ತಟ್ಟಿದರು. ಅಂದಿನ ಹಾಗೇ ಇತ್ತು, ಒಂದು ಕೂದಲೂ ಕೊಂಕಿಲ್ಲ ಅಂದರು. ಬೆನ್ನು ಯಾಕೆ ತಟ್ಟಬೇಕು? ಇವರಿಗೆ ಯಾರೋ ಹೇಳಿದ್ದಾರೆ ಅಂತ ಅವನಿಗೆ ಖಾತ್ರಿಯಾಯಿತು. ಹೇಳಿ ಹೊಗಳಿಸಿದ್ದು ಹೊಗಳಿಕೆಯೇ?

ಮೊಯಿದಿನಬ್ಬ ಸ್ವಲ್ಪ ಯೋಚಿಸಿ, ಅಂದಿಗಿಂತ ಒಂಚೂರು ಅವಸರ ಆಯಿತು ಅಂದರು. ಅವಸರ ಅನ್ನುವುದು ಮಾಸ್ಟ್ರು ಪಾಠ ಹೇಳುವಾಗ ಇವನಿಗೆ ಯಾವಾಗಲೂ ಹೇಳುವ ಮಾತು. ಅದೇ ಮಾತು ಇವರ ಬಾಯಿಗೆ ಬಂದದ್ದು ಎಲ್ಲಿಂದ?

ಕೊನೆಗೆ ಗ್ರೆಟ್ಟಾ ಬಾಯಿ. ಅವರು ಅವನನ್ನು ನೇರ ನೋಡಿದರು.

"ಆ ಗಿಟಾರಿನವ ಅಲ್ಲಿ ಸುಮ್ಮನೆ ಇದ್ದಾನಲ್ಲ, ಅದು ಒಳ್ಳೆದಾಯಿತು. ಆ ಹಾಡಿನಲ್ಲಿ ನನಗೆ ಹಿಡಿಸಿದ್ದು ಅದೊಂದೇ."

ಯತಿರಾಜನ ಮುಖ ಕೆಂಪೇರಿತು. ಇದಕ್ಕಿಂತ ಚೆನ್ನಾಗಿ ಒಬ್ಬನಿಗೆ ಉಗಿಯಲು ಸಾಧ್ಯವಿಲ್ಲ. ಬಾಗಿಲಲ್ಲಿ ಮಾಸ್ಟ್ರು ಆಡಿದ ಮಾತು, ಬಾಯಿಯ ನಗು, ಎಲ್ಲ ಒಂದಕ್ಕೊಂದು ಸೇರಿತು.

ಬಂದವರು ಹೋದರು. ಬಿಸಿಲು ಇಳಿದಿತ್ತು. ಮಾಸ್ಟ್ರು ಮೆಟ್ಟಿಲ ಮೇಲೆ ಕೂತು ಬೆರಳುಗಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಯತಿರಾಜ ಹೋಗಿ ಎದುರು ನಿಂತ.

"ಮಾಸ್ಟ್ರೇ, ನಾಲ್ಕನೇ ಹಾಡಿನಲ್ಲಿ ನಾನು ಅಂತ ಅವರಿಗೆ ಮೊದಲೇ ಹೇಳಿದ್ದಿರಾ?"

"ಇಲ್ಲ."

"ಗ್ರೆಟ್ಟಾ ಬಾಯಿ ಹತ್ತಿರ ಬಾಗಿಲಲ್ಲಿ ಎಂತ ಹೇಳಿದಿರಿ?"

"ಮೆಟ್ಟಿಲು ಜಾರ್ತದೆ, ಈ ಪ್ರಾಯದಲ್ಲಿ ಬಿದ್ದರೆ ಹೊತ್ತುಕೊಂಡು ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ ಅಂದೆ."

ಯತಿರಾಜ ನಂಬಲಿಲ್ಲ. ಇಷ್ಟು ಹೊತ್ತು ಗಂಟಲಲ್ಲಿ ಇದ್ದದ್ದು ಹೊರಗೆ ಬಂತು.

"ನಿಮ್ಮ ರೆಕಾರ್ಡಿನಲ್ಲಿ ಇನ್ನೊಬ್ಬನ ಕೈ ಇರುವುದು ನಿಮಗೆ ಇಷ್ಟ ಇಲ್ಲ ಮಾಸ್ಟ್ರೇ. ಬಾಯಿಬಿಟ್ಟು ಹೇಳ್ಲಿಕ್ಕೆ ಆಗದೆ ಊರವರನ್ನು ಕರೆಸಿ ಅವರಿಂದ ಹೇಳಿಸಿದಿರಿ."

ಗುರುವಿನ ಮುಂದೆ ಅವನು ಅಷ್ಟು ದೊಡ್ಡ ದನಿ ತೆಗೆದದ್ದು ಅದೇ ಮೊದಲು.

ಮಾಸ್ಟ್ರು ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದರು. ಕೋಣೆಯ ಬಾಗಿಲಿನ ಹತ್ತಿರ ಹೋಗಿ ನಿಂತರು.

"ಬೀಗ ತೆಗಿ. ಕೀ ನಿನ್ನ ಹತ್ತಿರ ಉಂಟಲ್ಲ."

ಯತಿರಾಜ ಬೀಗ ತೆಗೆದ. ಮೆಷಿನಿನ ಮೇಲೆ ಅವನು ಹೊದೆಸಿದ ಬಟ್ಟೆ ಹಾಗೇ ಇತ್ತು. ಮಾಸ್ಟ್ರು ಅದನ್ನು ಮುಟ್ಟಲಿಲ್ಲ. ಬಟ್ಟೆ ತೆಗೆದು, ರೀಲು ಹಿಂದಕ್ಕೆ ತಿರುಗಿಸಿ, ನಾಲ್ಕನೇ ಹಾಡನ್ನು ಅವನೇ ಹಾಕಬೇಕು ಅಂದರು. ಹಾಕಿದ ಮೇಲೆ ಕಿಟಕಿಯ ಕಡೆ ತಿರುಗಿ ಕೂರಲು ಹೇಳಿದರು. ಕಿಟಕಿಯಾಚೆ ನದಿ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಹಾಡು ಶುರುವಾಯಿತು. ಗ್ರೆಟ್ಟಾ ಬಾಯಿಯ ಚಿಕ್ಕಪ್ಪನ ಮಗ ಎರಡು ಚರಣ ಹಾಡಿ ನಿಲ್ಲಿಸಿದ. ಇನ್ನು ಗಿಟಾರ್ ಬರಬೇಕು.

ಬರಲಿಲ್ಲ.

ಡ್ರಮ್ಮು ಹೋಗುತ್ತಿತ್ತು. ಬಾಸು ಅದರ ಹಿಂದೆ ಹೋಗುತ್ತಿತ್ತು. ಯತಿರಾಜ ತಡವಾಗಿದೆಯೇನೋ ಅಂತ ಕಾದ. ಆ ಎರಡರ ಮೇಲೆ ಬೇರೆ ಯಾವ ದನಿಯೂ ಇರಲಿಲ್ಲ. ಆಮೇಲೆ ಹಾಡುವವನ ದನಿ ಮತ್ತೆ ಬಂತು.

ಸುಳ್ಳು ಯಾಕೆ ಹೇಳಲಿ, ಅವನಿಗೆ ಮೊದಲು ಹೊಳೆದದ್ದು ಮಾಸ್ಟ್ರು ಈಗ ಅಳಿಸಿದ್ದಾರೆ ಅಂತಲೇ. ಆದರೆ ಬೀಗ ಹಾಕಿದವನು ಅವನು. ಹಾಡು ಹಾಕಿದವನೂ ಅವನು. ಅನುಮಾನಕ್ಕೆ ಕಾಲಿಡಲು ಜಾಗ ಸಿಗಲಿಲ್ಲ.

"ಮಾಸ್ಟ್ರೇ, ಇದರಲ್ಲಿ ನಾನು ಇಲ್ಲ."

"ಇಲ್ಲ."

"ಮಧ್ಯಾಹ್ನ ಹಾಕಿದ್ದೂ ಇದೇ ರೀಲಾ?"

"ಇದೇ. ನೀನು ಬಾರಿಸಿದ್ದು ಇನ್ನೊಂದು ರೀಲಿನಲ್ಲಿ ಉಂಟು, ಕಪಾಟಿನಲ್ಲಿ."

ಮಧ್ಯಾಹ್ನ ಯತಿರಾಜ ಸ್ಪೀಕರಿನ ಪಕ್ಕದಲ್ಲೇ ಕೂತಿದ್ದ. ಗಿಟಾರ್ ಆದಿಯಿಂದ ಅಂತ್ಯದವರೆಗೆ ಅವನಿಗೆ ಚೆನ್ನಾಗಿ ಕೇಳಿಸಿತ್ತು.

"ಹಾಗಾದರೆ ಪೈಗಳು ಹೊಗಳಿದ್ದು ಯಾವುದನ್ನು? ಮೊಯಿದಿನಬ್ಬರಿಗೆ ಅವಸರ ಅನಿಸಿದ್ದು ಯಾವುದು? ಎಲ್ಲರೂ ಸುಳ್ಳು ಹೇಳಿದರಾ?"

"ಪಾಪ, ಸುಳ್ಳಲ್ಲ ಮಾರಾಯ. ಆ ಗಿಟಾರ್ ಅವರ ತಲೆಯಲ್ಲಿ ಪ್ರಾಯದಿಂದಲೂ ಬಾರಿಸ್ತಾ ಉಂಟು. ರೀಲಿನಲ್ಲಿ ಇದ್ದರೂ ಇಲ್ಲದಿದ್ದರೂ ಅವರಿಗೆ ಒಂದೇ. ನೀನು ವಿಚಾರಿಸಿದೆ, ಅವರು ತಲೆಯಲ್ಲಿ ಇದ್ದದ್ದನ್ನು ಹೇಳಿದರು."

"ಮತ್ತೆ ಗ್ರೆಟ್ಟಾ ಬಾಯಿ?"

"ಅವರಿಗೆ ಆ ಹಾಡು ಕಂಡರೆ ಆಗುದಿಲ್ಲ. ನೆನಪು ಇಟ್ಟುಕೊಂಡಿಲ್ಲ. ಅದಕ್ಕೆ ಸರಿಯಾಗಿ ಕೇಳಿಸಿತು."

ತನಗೆ ಯಾಕೆ ಹಾಗೆ ಕೇಳಿಸಲಿಲ್ಲ ಅಂತ ಯತಿರಾಜ ವಿಚಾರಿಸಲಿಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ ಅವನಿಗೆ ಇತ್ತು.

"ನಾನು ಬಾರಿಸಿದ್ದು ಚೆನ್ನಾಗಿಲ್ಲ ಅಂತ ಬಿಟ್ಟಿರಾ?"

ಮಾಸ್ಟ್ರು ಅವನ ಪಕ್ಕ ಬಂದು ಕೂತರು.

"ಚೆನ್ನಾಗಿ ಉಂಟು. ನಾನೇ ಬಾರಿಸಿದ ಹಾಗುಂಟು. ಕೇಳುವಾಗ ಕಣ್ಣಲ್ಲಿ ನೀರು ಬಂತು. ಆಗಲೇ ನನಗೆ ಅನುಮಾನ ಬಂದದ್ದು."

"ನನ್ನ ಮೇಲಾ?"

"ನನ್ನ ಮೇಲೆ. ಮೆಚ್ಚಿದ್ದು ನಿನ್ನನ್ನಾ, ಕಳೆದುಹೋದ ನನ್ನ ಬೆರಳನ್ನಾ ಅಂತ ತಿಳಿಯಲಿಲ್ಲ. ಬೇರೆಯವರಿಗಾದರೂ ತಿಳಿದೀತು ಅಂತ ಮೊದಲು ಗಿಟಾರ್ ಇಲ್ಲದ್ದನ್ನು ಹಾಕಿದೆ. ಬೇಕಿತ್ತು ಅಂತ ಯಾರಾದರೂ ಹೇಳ್ತಾರಾ ನೋಡುವ ಅಂತ. ಇಲ್ಲದ್ದು ಆ ಇಬ್ಬರಿಗೆ ಗೊತ್ತೇ ಆಗಲಿಲ್ಲ, ಬಾಯಿಗೆ ಅದು ಬೇಕೂ ಇಲ್ಲ. ಹೇಳ್ಲಿಕ್ಕೆ ಈಗ ಉಳಿದವ ನೀನು ಒಬ್ಬ."

ಅವರು ಕಪಾಟಿನಿಂದ ಇನ್ನೊಂದು ರೀಲು ತೆಗೆದು ಮೆಷಿನಿಗೆ ಏರಿಸಿದರು. ನಾಳೆ ಎರಡರಲ್ಲಿ ಒಂದು ಹೋಗಬೇಕು, ಯಾವುದು ಅಂತ ಯತಿರಾಜನೇ ಹೇಳಬೇಕು, ಅವನು ಹೇಳಿದ್ದಕ್ಕೆ ತಾನು ಒಂದಕ್ಷರ ಎದುರಾಡುವುದಿಲ್ಲ ಅಂದರು. ಗಿಟಾರ್ ಇಲ್ಲದ್ದು ಹೋದರೆ ಕವರಿನ ಮೇಲೆ ಅವನ ಹೆಸರು ಇರುವುದಿಲ್ಲ. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಹಾಡು ಶುರುವಾಯಿತು. ಎರಡು ಚರಣ ಮುಗಿಯಿತು. ಈ ಸಲ ಗಿಟಾರ್ ಬಂತು.

ಯತಿರಾಜ ನದಿಯ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಕೂತ. ಆಮೇಲೆ ಮೆಲ್ಲಗೆ ಕುತ್ತಿಗೆ ತಿರುಗಿಸಿ ಮಾಸ್ಟ್ರ ಮುಖ ನೋಡಿದ.

ಮಾಸ್ಟ್ರು ತಕ್ಷಣ ಎದ್ದು ಮೆಷಿನ್ ನಿಲ್ಲಿಸಿದರು. ರೀಲನ್ನು ಹಾಡಿನ ಶುರುವಿಗೆ ತಂದರು. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಯತಿರಾಜ ಗಾಬರಿಯಲ್ಲಿ ಬಾಗಿಲವರೆಗೆ ಓಡಿ ಬಂದ.

"ಮಾಸ್ಟ್ರೇ, ನೀವು ಹೋದರೆ ಚೆನ್ನಾಗಿ ಉಂಟಾ ಇಲ್ಲವಾ ಅಂತ ನನಗೆ ಹೇಗೆ ಗೊತ್ತಾಗುದು?"

ಮಾಸ್ಟ್ರು ಮೆಟ್ಟಿಲು ಇಳಿಯುತ್ತಾ, ತಿರುಗಿ ನೋಡದೆ ಹೇಳಿದರು.

"ನಾನು ಅಲ್ಲಿ ಕೂತಿದ್ದರೆ ಹೇಗೆ ಗೊತ್ತಾಗುದು?"