ಚೈನ್ ನೇರ ಹಿಡಿದ ಬಾಳಪ್ಪ

ಸಂಕವ್ವ ಹರಕೆ ಹೊತ್ತಿದ್ದಳಂತೆ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ ಬೇಕೆಂದು. ಬಾಳಪ್ಪ ಹುಟ್ಟಿದ. ದೇವರಾದರೂ ಸ್ವಲ್ಪ ಯೋಚಿಸಬಾರದಿತ್ತೇ?

ಏರಿನ ಕೆಳಗೆ ಮನೆ, ಮೇಲೆ ಹತ್ತಿ ಗಿರಣಿ. ದಿನಾ ಅದರ ಗೇಟಿಗೆ ಒಂದು ಬುಟ್ಟಿ ರೊಟ್ಟಿ ಒಯ್ದು ಮಾರಿದರೇ ತಾಯಿ ಮಗನಿಗೆ ಊಟ. ಆದರೆ ಸಂಕವ್ವನ ಮೊಣಕಾಲು ಸೋತಿದ್ದವು. ಗಂಡನ ಕಾಲದ ಸೈಕಲ್ ಏರು ಹತ್ತಲೊಲ್ಲದು.

ಸೈಕಲ್ ಅಂಗಡಿಯ ಹುಸೇನಸಾಬ ಹೇಳಿದ: "ಮುಂದಿನ ಹಲ್ಲಿನ ಚಕ್ರ ಸಣ್ಣದು ಹಾಕವ್ವಾ, ಏರು ಹಗುರ ಆಕ್ಕತಿ. ಆದ್ರ ಅದಕ್ಕ ಒಪ್ಪೋ ಪೆಡಲ್ ಅಚ್ಚು ಬೇಕು, ಎರಡು ಪೆಡಲ್ ನಡುವ ಪೈಪಿನ್ಯಾಗ ಕೂಡೋ ಸರಳು. ಅದರ ಅಳತಿ ತಪ್ಪಿದ್ರ ಚೈನ್ ಸೊಟ್ಟ ಆಕ್ಕತಿ."

ಸಣ್ಣ ಚಕ್ರ ಮನೆಗೆ ಬಂತು. ಅಚ್ಚು ತರುವ ಕೆಲಸ ಬಾಳಪ್ಪನ ಪಾಲಿಗೆ ಬಂತು. ಅಲ್ಲಿಗೆ ಮುಗೀತು!

"ಹಳೇ ಅಚ್ಚು ಒಯ್ಯಿ. ಅದಕ್ಕ ಹೋಲಿಸಿ ತಾ," ಎಂದಳು ತಾಯಿ.

ಹೋದ. ಅಂಗಡಿಯಲ್ಲಿ ಎಲ್ಲಾ ಫಳಫಳ. "ಇದಕ್ಕ ತುಕ್ಕಿಲ್ಲ, ಬ್ಯಾಡ! ಇದು ಸವದಿಲ್ಲ, ಬ್ಯಾಡ!" ಗುಜರಿ ರಾಶಿ ಕೆದಕಿ, ಅಷ್ಟೇ ತುಕ್ಕು, ಅಷ್ಟೇ ಸವಕಲು ಇದ್ದದ್ದನ್ನು ಹುಡುಕಿ ತಂದ.

"ಅಯ್ಯೋ ಪೆದ್ದ! ಹೊಸಾದು ತರಬೇಕೋ! ಸೈಕಲ್ಲೇ ಒಯ್ಯಿ. ಪೈಪಿನೊಳಗ ಸೇರತೈತೋ ಇಲ್ಲೋ ನೋಡಿ ತಾ."

ಹೋದ. ಬೆರಳುದ್ದದ ಅಚ್ಚು ತಂದ.

"ಪೂರಾ ಸೇರಿತವ್ವಾ! ಹುಡುಕಿದ್ರೂ ಕಾಣಂಗಿಲ್ಲ!"

"ಪೆಡಲ್ ನನ್ನ ತಲಿಗೆ ಸಿಗಸಲೇನೋ? ಎರಡೂ ಕಡೆ ಹೊರಗ ಚಾಚಬೇಕು!"

ಹೋದ. ಮಾರುದ್ದದ ಕಬ್ಬಿಣದ ಸರಳು ತಂದ. "ಚಾಚಿದ್ದು ಸಾಕೇನವ್ವಾ?"

ಅದರ ತುದಿಗೆ ಚಕ್ರ ಹಾಕಿದರೆ ಚೈನ್ ಪಕ್ಕದ ಮನೆ ಸುತ್ತಿ ಬರಬೇಕು. ಸಂಕವ್ವ ಮೊಣಕಾಲು ಒತ್ತಿಕೊಳ್ಳುತ್ತಾ ಕೂತಳು, ಕಣ್ಣು ತುಂಬಿದವು. ಬಾಳಪ್ಪ ಸರಳು ಎಸೆದು ಅವಳ ಪಕ್ಕ ಕುಕ್ಕರಿಸಿದ. ಪೆದ್ದನಿಗೂ ತಾಯಿ ತಾಯಿಯೇ ಅಲ್ಲವೇ?

"ಅಳಬ್ಯಾಡವ್ವಾ. ಒಂದೇ ಮಾತಿನ್ಯಾಗ ಹೇಳು."

"ಚೈನ್ ನೇರ ಇರಬೇಕಪ್ಪಾ. ಅಷ್ಟಾದ್ರ ನಾ ಏರು ಹತ್ತತೀನಿ."

ಬೆಳಿಗ್ಗೆ ನೋಡಿದರೆ ಅಚ್ಚೂ ಇಲ್ಲ, ಪೆಡಲೂ ಇಲ್ಲ! ಬಿಚ್ಚಿದ ಚೈನಿನ ಒಂದು ತುದಿ ಹ್ಯಾಂಡಲ್ಲಿಗೆ, ಇನ್ನೊಂದು ಬಾಳಪ್ಪನ ಕೈಯಲ್ಲಿ.

"ಕೂಡವ್ವಾ!"

ರೊಟ್ಟಿ ಆರುತ್ತಿದ್ದವು. ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟಿ ಕೂತಳು. ಬಾಳಪ್ಪ ಜಗ್ಗಿದ. ಚೈನ್ ಬಿಗಿಯಾಯಿತು, ನೇರವಾಯಿತು! ಬೆವರು ಸುರಿಸುತ್ತಾ ಏರಿನ ತುದಿಯವರೆಗೆ ಎಳೆದ. ಗೇಟು ಬಂತು.

"ಸಾಕು ನನ್ನ ಬಂಗಾರಾ! ಇನ್ನ ಮನಿಗೆ ನಡಿ."

ರೊಟ್ಟಿ ಮಾರಿ ತಾನು ಆಮೇಲೆ ಬರುವುದೆಂದು ಅವಳ ಲೆಕ್ಕ. ಆದರೆ ಅವಳಿನ್ನೂ ಸೀಟಿನಿಂದ ಇಳಿದಿರಲಿಲ್ಲ, ಬುಟ್ಟಿಯನ್ನೂ ಇಳಿಸಿರಲಿಲ್ಲ. ಬಾಳಪ್ಪ ಸೈಕಲ್ ತಿರುಗಿಸಿಯೇಬಿಟ್ಟ!

ಇಳಿಜಾರು ಕೇಳಬೇಕೇ? ಸೈಕಲ್ ಮುಂದೆ, ಮಗ ಹಿಂದೆ.

"ಬ್ರೇಕ್ ಹತ್ತವಲ್ದೋ! ನಿಲ್ಲಸೋ!"

"ಚೈನ್ ನೇರ ಐತವ್ವಾ, ಹೆದರಬ್ಯಾಡ!"

"ರೊಟ್ಟಿ! ರೊಟ್ಟಿ!" ಎಂದು ಗಿರಣಿಯವರೆಲ್ಲ ಬೆನ್ನುಹತ್ತಿ ಓಡಿದರು. ಸೈಕಲ್ ಮನೆಯ ಹುಲ್ಲಿನ ಬಣವೆಗೆ ನುಗ್ಗಿ ನಿಂತಿತು. ಹಸಿದವರು ಅಂಗಳದಲ್ಲೇ ಬುಟ್ಟಿ ಖಾಲಿ ಮಾಡಿದರು. ನಾಳೆಯೂ ಇಲ್ಲಿಗೇ ಬರುತ್ತೇವೆ ಎಂದರು. ಸಂಕವ್ವ ಮೈಮೇಲಿನ ಹುಲ್ಲು ಕೊಡವುತ್ತಾ ನಕ್ಕಳು, ನಕ್ಕು ಅತ್ತಳು.

ಬಾಳಪ್ಪ ಮಾತ್ರ ಚೈನ್ ಬಿಗಿಹಿಡಿದೇ ನಿಂತಿದ್ದ.

"ಅವ್ವಾ, ಇನ್ನೂ ನೇರ ಹಿಡೀಲೇನು?"