ಏದೆನಿಗೆ ಮರಳದ ಎತ್ತು

ದೇವರು ಏದೆನ್ ತೋಟದಿಂದ ಹೊರಗಟ್ಟಿದ ಮೇಲೆ ಆದಾಮನು ಮುಳ್ಳುನೆಲವನ್ನು ಉತ್ತು ಬದುಕುತ್ತಿದ್ದನು. ಒಂದು ಮಧ್ಯಾಹ್ನ ಅವನು ನೊಗ ಬಿಚ್ಚಿ ನೀರು ಕುಡಿಯಲು ಹೋದಾಗ, ಸರ್ಪವು ಅವನ ಎತ್ತಿನ ಬಳಿಗೆ ತೆವಳಿ ಬಂದು ನುಡಿಯಿತು:

"ಎಲೈ ವೃಷಭನೇ, ಹಣ್ಣು ತಿಂದವನು ಅವನು, ಸವೆಯುತ್ತಿರುವುದು ನಿನ್ನ ಹೆಗಲು! ತೋಟದ ಬಾಗಿಲು ಮುಚ್ಚಿರುವುದು ಮನುಷ್ಯನಿಗೆ ಮಾತ್ರ. ಅಲ್ಲಿಯ ಹುಲ್ಲನ್ನು ಮರೆತೆಯಾ?"

"ಮರೆಯುವುದುಂಟೇ? ಆ ಹೊಳೆಯಂಚಿನ ಗರಿಕೆಯ ಕಂಪು ಇಂದಿಗೂ ಕನಸಿಗೆ ಬರುತ್ತದೆ. ಅಲ್ಲಿಯೇ ಅವನು ನನ್ನ ಹಣೆ ನೇವರಿಸಿ ಹೆಸರಿಟ್ಟನು," ಎಂದಿತು ಎತ್ತು.

"ಹಾಗಾದರೆ ಹೊರಡು. ಈಗ ಕೊರಳಲ್ಲಿ ಹಗ್ಗವೂ ಇಲ್ಲ."

ಎತ್ತು ತೋಟದ ದಿಕ್ಕನ್ನು ಬಹಳ ಹೊತ್ತು ನೋಡಿತು. ಕೆಲವು ಹೆಜ್ಜೆ ನಡೆಯಿತು ಕೂಡ. ಆಗ ಹಿಂದಿನಿಂದ ಆದಾಮನು ಅದೇ ಹೆಸರು ಹಿಡಿದು ಕೂಗಿದನು. ಅಂದು ಇಂಪಾಗಿದ್ದ ದನಿ ಇಂದು ಧೂಳಿನಿಂದ ಒಡೆದಿತ್ತು. ಎತ್ತು ನಿಂತಿತು.

"ನಿಂತೆಯೇಕೆ, ಮಂಕೇ?" ಎಂದು ಸರ್ಪ ಬುಸುಗುಟ್ಟಿತು.

"ತೋಟದಲ್ಲಿಯೂ ನಾನು ಅವನ ಜೊತೆಗೇ ಇದ್ದೆನಯ್ಯಾ. ಆದರೆ ಬಿಟ್ಟುಹೋಗುವ ದಾರಿಯನ್ನು ಅಲ್ಲಿ ಯಾರೂ ತೋರಿಸಿರಲಿಲ್ಲ. ಇಂದು ನೀನು ತೋರಿಸಿದೆ; ಇನ್ನು ಅವನ ಜೊತೆಗಿರುವುದು ನಾನೇ ಆರಿಸಿಕೊಂಡದ್ದು."

ಹೀಗೆಂದು ಎತ್ತು ಹಿಂದಿರುಗಿ, ನೆಲದ ಮೇಲಿದ್ದ ನೊಗಕ್ಕೆ ತಾನಾಗಿಯೇ ಕೊರಳು ತಗ್ಗಿಸಿತು.